ನ್ಯಾಯಸ್ಥಾನದ ಎರಡು ನುಡಿ

ಪ್ರತಿಯೊಂದು ಕಸುಬಿಗೂ ಅದರದೇ ಆದ ಪರಿಭಾಷೆಯುಂಟು. ದೊಡ್ಡಬಳ್ಳಾಪುರದ ನೇಕಾರನ ಮನೆಯಲ್ಲಿ ಹಾಸು, ಹೊಕ್ಕು, ಲಾಳಿ ಎಂಬ ಮಾತುಗಳು ಹಗಲಿರುಳೂ ನಡೆಯುತ್ತವೆ. ಅವುಗಳ ಅರ್ಥವನ್ನರಿಯದ ಗೃಹಿಣಿಯೂ ಸೀರೆಯನ್ನುಟ್ಟು ಸಂತೋಷಪಡುತ್ತಾಳೆ. ವೈದ್ಯನು ರೋಗಕ್ಕೆ ಯಾವ ಹೆಸರಿಟ್ಟರೂ ಔಷಧವು ತನ್ನ ಕೆಲಸವನ್ನು ಮಾಡುತ್ತದೆ. ಕಾನೂನಿನ ಮಾತಿಗೆ ಮಾತ್ರ ಈ ಉದಾರತೆಯಿಲ್ಲ. ಅಲ್ಲಿ ಮಾತೇ ಉಪಕರಣ, ಮಾತೇ ಸರಕು. ಒಂದು ಶಬ್ದದ ಈಚೆಗೆ ನಿಂತವನು ಮನೆಗೆ ಹೋಗುತ್ತಾನೆ, ಆಚೆಗೆ ನಿಂತವನು ಸೆರೆಮನೆಗೆ ಹೋಗುತ್ತಾನೆ. ಒಂದು ಶಬ್ದದ ಬಲದಿಂದ ಎರಡೆಕರೆ ಹೊಲವು ಮಗಳ ಪಾಲಿಗೆ ಬರುತ್ತದೆ, ಅದು ತಪ್ಪಿದರೆ ಬರುವುದಿಲ್ಲ. ಇಂತಹ ಶಬ್ದಗಳಲ್ಲಿ ಬಹುಭಾಗವು ಇಂಗ್ಲಿಷಿನವು. ಅವುಗಳಿಗೆ ಕಟ್ಟುಬೀಳಬೇಕಾದ ಜನರಲ್ಲಿ ಬಹುಮಂದಿ ಇಂಗ್ಲಿಷನ್ನು ಅರಿಯದವರು. ಇವೆರಡರ ನಡುವೆ ನಿಲ್ಲಬೇಕಾದವನು ವಕೀಲ. ಆತನು ಆ ಮಾತುಗಳನ್ನು ಹೇಗೆ ಕಲಿಯುತ್ತಾನೆ, ಕಲಿತು ಏನು ಮಾಡುತ್ತಾನೆ ಎಂಬುದು ವಕೀಲರಿಗಷ್ಟೇ ಸೇರಿದ ವಿಚಾರವೆಂದು ತೋರಬಹುದು. ಆದರೆ ಜಮೀನು, ಮನೆ, ಮಕ್ಕಳು ಉಳ್ಳ ಯಾವ ಸಂಸಾರವೂ ಇದರಿಂದ ದೂರವಾಗಿಲ್ಲ.

1986ರಲ್ಲಿ ಬೆಂಗಳೂರು ಜಿಲ್ಲೆಯು ಎರಡಾಗಿ ಗ್ರಾಮಾಂತರ ಜಿಲ್ಲೆಯು ಏರ್ಪಟ್ಟಿತು. 2007ರಲ್ಲಿ ರಾಮನಗರದ ಸೀಮೆಯು ಬೇರೆಯಾದಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಅದರಲ್ಲಿ ಉಳಿದವು. ನಾಲ್ಕು ಊರುಗಳಲ್ಲಿಯೂ ನ್ಯಾಯಾಲಯಗಳಿವೆ. ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ಅಲ್ಲಿಗೆ ಹೋಗಿ ನಿಂತವರಿಗೆ ಎರಡು ಭಾಷೆಗಳು ಒಂದರೊಳಗೊಂದು ಹೆಣೆದುಕೊಂಡು ನಡೆಯುವುದು ಕೇಳಿಬರುತ್ತದೆ. ಸಾಕ್ಷಿಯು ಕನ್ನಡದಲ್ಲಿ ಹೇಳುತ್ತಾನೆ. ಪಾಟೀಸವಾಲು ಕನ್ನಡದಲ್ಲಿ ನಡೆಯುತ್ತದೆ. ಒಳಗೆ ವಕೀಲರಿಬ್ಬರು ವಾದಿಸುವಾಗ ಮಾತಿನ ಹಂದರ ಕನ್ನಡದ್ದಾದರೂ ಅದರ ಮೇಲೆ ಹಬ್ಬಿದ ಬಳ್ಳಿ ಇಂಗ್ಲಿಷಿನದಾಗಿರುತ್ತದೆ. ಆಧಾರವಾಗಿ ಎತ್ತಿ ತೋರಿಸುವ ಉಚ್ಚ ನ್ಯಾಯಾಲಯದ ತೀರ್ಪು ಇಂಗ್ಲಿಷಿನದು. ಮೊಕದ್ದಮೆಯ ಒಡೆಯನು ಹಿಂದಿನ ಬೆಂಚಿನಲ್ಲಿ ಕುಳಿತು, ತನ್ನ ಹೆಸರು, ತನ್ನ ಊರಿನ ಹೆಸರು, ಸರ್ವೆ ನಂಬರು ಇಷ್ಟನ್ನು ಮಾತ್ರ ಗುರುತಿಸುತ್ತಾ ಉಳಿದದ್ದನ್ನು ವಕೀಲನ ಮುಖದಿಂದ ಊಹಿಸುತ್ತಿರುತ್ತಾನೆ.

ಈ ಹಳ್ಳಿಗಳಿಂದ ಕಾನೂನನ್ನು ಓದಲು ಹೊರಡುವ ತರುಣ ತರುಣಿಯರಲ್ಲಿ ಅನೇಕರು ಶಾಲೆಯಲ್ಲಿ ಕನ್ನಡದಲ್ಲಿಯೇ ಕಲಿತವರು. 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವು ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವುದಕ್ಕೂ ಅವಕಾಶ ಕೊಟ್ಟಿದೆ. ಆದರೂ ಗ್ರಂಥಾಲಯದ ಕಪಾಟಿನ ಮುಂದೆ ನಿಂತೊಡನೆ ಇಂಗ್ಲಿಷು ಎದುರಾಗುತ್ತದೆ. ಆ ಶಬ್ದಗಳು ದೊಡ್ಡವು, ಅಪರಿಚಿತವಾದುವು, ನಿಘಂಟನ್ನು ಮಗುಚಿದರೆ ಹಾದಿ ಸುಗಮವಾಗುತ್ತದೆ ಎಂದು ವಿದ್ಯಾರ್ಥಿಯು ಮೊದಲು ಎಣಿಸುತ್ತಾನೆ. ಕೆಲವು ದಿನ ಕಳೆದಮೇಲೆ ನಿಜವಾದ ತೊಡಕು ಬೇರೆ ಕಡೆ ಇದೆಯೆಂದು ಗೊತ್ತಾಗುತ್ತದೆ. ಅಪರಿಚಿತ ಶಬ್ದಗಳು ಮೋಸಮಾಡುವುದಿಲ್ಲ. ಅವು ತಮಗೆ ಅರ್ಥವಿದೆ, ಹುಡುಕು ಎಂದು ತಾವೇ ಹೇಳುತ್ತವೆ. ಮೋಸಮಾಡುವವು ಪರಿಚಿತವಾದ ಶಬ್ದಗಳೇ.

'ಪ್ರೇಯರ್' ಎಂಬುದು ಶಾಲೆಯ ಅಂಗಳದಲ್ಲಿ ಬೆಳಗ್ಗೆ ಹಾಡುವ ಪ್ರಾರ್ಥನೆಯೆಂದು ಮಕ್ಕಳಿಗೆಲ್ಲ ಗೊತ್ತು. ವಾದಪತ್ರದಲ್ಲಿ ಅದು ಕೊನೆಯ ಭಾಗ, ವಾದಿಯು ತನಗೆ ಏನು ಬೇಕೆಂದು ಕೇಳುವ ಸ್ಥಳ. ಅಲ್ಲಿ ಕೇಳಲು ಮರೆತ ಪರಿಹಾರವನ್ನು ಆಮೇಲೆ ಪಡೆಯುವುದು ಪ್ರಯಾಸದ ಕೆಲಸ. 'ಸರ್ವೀಸ್' ಎಂದರೆ ನೆಲಮಂಗಲದಿಂದ ಹೊರಡುವ ಬಸ್ಸು ಅಲ್ಲ, ಸಮನ್ಸು ಪ್ರತಿವಾದಿಯ ಕೈಸೇರುವುದು. 'ಇಷ್ಯೂ' ಎಂದರೆ ಪತ್ರಿಕೆಯ ಸಂಚಿಕೆಯಲ್ಲ. ಉಯಿಲಿನಲ್ಲಿ ಬಂದರೆ ಸಂತಾನ, ಸಿವಿಲ್ ದಾವೆಯಲ್ಲಿ ಬಂದರೆ ಇತ್ಯರ್ಥವಾಗಬೇಕಾದ ವಿವಾದಾಂಶ. 'ಕನ್ಸಿಡರೇಷನ್' ಎಂಬಲ್ಲಿ ದಾಕ್ಷಿಣ್ಯದ ಸುಳಿವೂ ಇಲ್ಲ, ಅದು ಕರಾರಿನ ಪ್ರತಿಫಲ. 'ಚಾರ್ಜು' ಕ್ರಿಮಿನಲ್ ಕಟ್ಟೆಯಲ್ಲಿ ದೋಷಾರೋಪಣೆ, ಸಿವಿಲ್ ಕಟ್ಟೆಯಲ್ಲಿ ಆಸ್ತಿಯ ಮೇಲಿನ ಹೊಣೆ. ಎಲ್ಲಕ್ಕಿಂತ 'ಎಕ್ಸಿಕ್ಯೂಷನ್' ಎಂಬ ಮಾತು ವಿಚಿತ್ರವಾದುದು. ಕ್ರಯಪತ್ರದ ಸಂಬಂಧದಲ್ಲಿ ಅದರ ಅರ್ಥ ರುಜುಮಾಡಿ ಬರೆದುಕೊಡುವುದು. ಡಿಕ್ರಿಯ ಸಂಬಂಧದಲ್ಲಿ ಅಮಲ್ಜಾರಿ. ಕೊಲೆಯ ಶಿಕ್ಷೆಯ ಸಂಬಂಧದಲ್ಲಿ ಗಲ್ಲಿಗೇರಿಸುವುದು. ಒಂದೇ ಶಬ್ದವು ಕಾಗದಕ್ಕೆ ಜೀವ ಕೊಡುತ್ತದೆ, ತೀರ್ಪಿಗೆ ಕೈಕಾಲು ಕೊಡುತ್ತದೆ, ಮನುಷ್ಯನ ಪ್ರಾಣವನ್ನು ತೆಗೆಯುತ್ತದೆ. ಇದನ್ನು ನಿಘಂಟಿನ ಮೊದಲನೆಯ ಅರ್ಥದಿಂದ ತಿಳಿದುಕೊಳ್ಳಹೊರಟವನ ಪಾಡು ಹೇಗಾಗಬೇಡ!

ಇಷ್ಟು ಕಷ್ಟಪಡುವ ವಿದ್ಯಾರ್ಥಿಯು, ಇಂಗ್ಲಿಷರ ಮಕ್ಕಳಿಗೆ ಇದೆಲ್ಲ ತಾಯಿಯ ಹಾಲಿನೊಡನೆ ಬಂದಿರಬೇಕೆಂದು ನಿಟ್ಟುಸಿರುಬಿಡುವುದುಂಟು. ಚರಿತ್ರೆಯನ್ನು ನೋಡಿದರೆ ಆ ನಿಟ್ಟುಸಿರಿಗೆ ಕಾರಣವಿಲ್ಲ. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದಮೇಲೆ ಅಲ್ಲಿಯ ನ್ಯಾಯಸ್ಥಾನಗಳಲ್ಲಿ ಕ್ರಮೇಣ ಫ್ರೆಂಚು ಮಾತಿನ ವಾದವೂ ಲ್ಯಾಟಿನ್ ಭಾಷೆಯ ದಾಖಲೆಯೂ ನೆಲೆಗೊಂಡವು. ಜನರಿಗೆ ತಿಳಿಯದ ಭಾಷೆಯಲ್ಲಿ ವಾದ ನಡೆಯಬಾರದು, ಇಂಗ್ಲಿಷಿನಲ್ಲಿಯೇ ನಡೆಯಬೇಕು ಎಂದು 1362ರಲ್ಲಿ ಒಂದು ಶಾಸನವಾಯಿತು. ಆ ಶಾಸನವನ್ನೇ ಫ್ರೆಂಚಿನಲ್ಲಿ ಬರೆದಿದ್ದರು! ದಾಖಲೆಗಳ ಭಾಷೆಯನ್ನೂ ಇಂಗ್ಲಿಷಿಗೆ ತಿರುಗಿಸಲು 1730ರ ಕಾಯಿದೆಯೊಂದು ಬೇಕಾಯಿತು. ಅದು 1733ರಲ್ಲಿ ಜಾರಿಗೆ ಬಂದಿತು. ಹೀಗೆ ಏಳು ಶತಮಾನಗಳ ಕಾಲ ಇಂಗ್ಲೆಂಡಿನ ಒಕ್ಕಲಿಗನೂ ಹಿಂದಿನ ಬೆಂಚಿನಲ್ಲಿ ಕುಳಿತು ತನ್ನ ವಕೀಲನ ಮುಖವನ್ನೇ ನೋಡುತ್ತಿದ್ದನೆಂದು ಹೇಳಬಹುದು. ವಾದಿಗೆ 'ಪ್ಲೇಂಟಿಫ್', ಪ್ರತಿವಾದಿಗೆ 'ಡಿಫೆಂಡೆಂಟ್' ಎಂಬ ಹೆಸರುಗಳು ಆ ಫ್ರೆಂಚು ಕಾಲದ ಉಳಿಕೆಗಳು. ಅಡಮಾನಕ್ಕೆ ಹೇಳುವ 'ಮಾರ್ಟ್‌ಗೇಜ್' ಎಂಬ ಮಾತಿಗೆ ಮೂಲದಲ್ಲಿ ಸತ್ತ ಒತ್ತೆ ಎಂದರ್ಥ. 'ರೆಸ್ ಜುಡಿಕೇಟಾ', 'ಪ್ರೈಮಾ ಫೇಸಿ', 'ಎಕ್ಸ್ ಪಾರ್ಟೆ' ಮುಂತಾದುವು ಲ್ಯಾಟಿನ್ನಿನ ಹಳೆಯ ನಾಣ್ಯಗಳು. ರಾಜ್ಯ ಹೋದರೂ ಚಲಾವಣೆ ನಿಂತಿಲ್ಲ.

ಕನ್ನಡದ ಸ್ಥಿತಿಯೂ ಇದಕ್ಕೆ ಸಮಾನವಾದುದೇ. ವಕೀಲ, ಅರ್ಜಿ, ಫಿರ್ಯಾದಿ, ಜಾಮೀನು, ಜಪ್ತಿ, ತಕರಾರು, ರಾಜಿ, ಮಹಜರು, ವಾರಸುದಾರ, ಕರಾರು, ಖುಲಾಸೆ ಇವೆಲ್ಲವೂ ಅರಬ್ಬಿ ಪಾರಸಿಗಳಿಂದ ಬಂದು ಸೇರಿದ ಮಾತುಗಳು. ಇವುಗಳ ಪಕ್ಕದಲ್ಲಿ ವಾದಿ, ಸಾಕ್ಷಿ, ಪ್ರಮಾಣಗಳು ಸಂಸ್ಕೃತದಿಂದ ಬಂದು ಕುಳಿತಿವೆ. ತೀರ್ಪು, ಪಾಲು, ಒತ್ತೆಗಳು ಮನೆಯ ಮಕ್ಕಳು. ಮೈಸೂರು ಸೀಮೆಯ ಉನ್ನತ ನ್ಯಾಯಸ್ಥಾನದ ಹೆಸರುಗಳನ್ನು ಸಾಲಾಗಿ ಬರೆದರೆ ಭಾಷೆಯ ಪಲ್ಲಟವು ಅಲ್ಲಿಯೇ ಕಾಣುತ್ತದೆ. 1834ರಲ್ಲಿ ಏರ್ಪಟ್ಟದ್ದು ಹುಜೂರ್ ಅದಾಲತ್ತು, 1856ರಲ್ಲಿ ಅದರ ಸ್ಥಾನಕ್ಕೆ ಬಂದವನು ಜುಡಿಷಿಯಲ್ ಕಮಿಷನರು, 1884ರಲ್ಲಿ ಚೀಫ್ ಕೋರ್ಟು, 1930ರಲ್ಲಿ ಹೈಕೋರ್ಟು. ಅದಾಲತ್ತು ಹೋಗಿ ಕೋರ್ಟು ಬಂದರೂ ವಕೀಲನೂ ಅರ್ಜಿಯೂ ಹೋಗಲಿಲ್ಲ. ಜನರ ಬಾಯಲ್ಲಿ ನೆಲೆಗೊಂಡ ಮಾತು ಸರ್ಕಾರ ಬದಲಾಯಿಸಿದೊಡನೆ ಬದಲಾಗತಕ್ಕದ್ದಲ್ಲ. ಪರಭಾಷೆಯ ಶಬ್ದವೆಂಬ ಮಾತ್ರಕ್ಕೆ ಅದು ಪರಕೀಯವಾಗಿಯೇ ಉಳಿಯಬೇಕಾಗಿಲ್ಲವೆಂಬುದನ್ನು ವಿದ್ಯಾರ್ಥಿಯು ಇದರಿಂದ ತಿಳಿಯಬಹುದು. ಹೊಸಕೋಟೆಯ ಸಂತೆಯಲ್ಲಿ ತರಕಾರಿ ಮಾರುವ ಮುದುಕಿಗೂ 'ಜಾಮೀನು' ಎಂದರೆ ತಿಳಿಯುತ್ತದೆ; ಒಂದಾನೊಂದು ಕಾಲದಲ್ಲಿ ಅದೂ ಇಂದಿನ ಇಂಗ್ಲಿಷಿನ ಮಾತುಗಳಷ್ಟೇ ಅಪರಿಚಿತವಾಗಿತ್ತು.

ಇನ್ನು ಕ್ರಿಮಿನಲ್ ಕಾನೂನಿನ ಶಬ್ದಗಳ ಕಡೆಗೆ ತಿರುಗಬಹುದು. 1860ರಲ್ಲಿ ಅಂಗೀಕೃತವಾಗಿ 1862ನೆಯ ಜನವರಿ 1ರಂದು ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯಲ್ಲಿ 511 ಕಲಂಗಳಿದ್ದವು. 2024ನೆಯ ಜುಲೈ 1ರಿಂದ ಅದರ ಸ್ಥಾನದಲ್ಲಿ 358 ಕಲಂಗಳ ಭಾರತೀಯ ನ್ಯಾಯ ಸಂಹಿತೆಯು ನಡೆಯುತ್ತಿದೆ. ಕೊಲೆಯ ಶಿಕ್ಷೆಗೆ 302 ಎಂದು ಬಾಯಿಪಾಠ ಮಾಡಿದವರು ಈಗ 103 ಎನ್ನಬೇಕು. ಮೋಸಗಾರನಿಗೆ ಹಳ್ಳಿಗಳಲ್ಲಿಯೂ ಬಿರುದಾಗಿದ್ದ 420 ಈಗ 318ನೆಯ ಕಲಮಿನ ನಾಲ್ಕನೆಯ ಉಪಕಲಂ. ಬಿರುದು ಮಾತ್ರ ಹಳೆಯದೇ ಉಳಿದುಕೊಂಡಿದೆ. ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುವುದರಿಂದ ತರುಣ ವಕೀಲನು ಕೆಲವು ವರ್ಷಗಳ ಕಾಲ ಎರಡು ಎಣಿಕೆಗಳನ್ನೂ ನೆನಪಿನಲ್ಲಿಡಬೇಕು. ಇಷ್ಟಾದರೂ ಅಂಕಿಗಳು ಬದಲಾದಂತೆ ಶಬ್ದಗಳು ಬದಲಾಗಲಿಲ್ಲ. ಶಬ್ದಗಳನ್ನು ಸರಿಯಾಗಿ ಅರಿತವನಿಗೆ ಹೊಸ ಸಂಹಿತೆಯಲ್ಲಿ ಹಳೆಯ ಬೀದಿಗಳೇ ಕಾಣುತ್ತವೆ, ಮನೆಯ ನಂಬರುಗಳು ಮಾತ್ರ ಬೇರೆ. ಅಂಕಿಗಳನ್ನೇ ನಂಬಿದ್ದವನು ಊರಿನಲ್ಲಿಯೇ ದಾರಿತಪ್ಪುತ್ತಾನೆ.

ಈ ಶಬ್ದಗಳನ್ನು ಕಲಿಸಲು ಹಳೆಯ ಸಂಹಿತೆಯ ಕರ್ತರು ಕಂಡುಕೊಂಡ ಉಪಾಯವು ಕೊಂಡಾಡತಕ್ಕದ್ದು. ಲಕ್ಷಣವನ್ನು ಹೇಳಿ ಅದರ ಕೆಳಗೆ ಉದಾಹರಣೆಗಳನ್ನು ಕೊಟ್ಟರು. ಅವುಗಳಲ್ಲಿ ಎ ಎಂಬವನು ಸದಾ ಅಪರಾಧವನ್ನು ಮಾಡುತ್ತಿರುತ್ತಾನೆ, ಜ಼ಡ್ ಎಂಬವನು ಸದಾ ಕಷ್ಟಕ್ಕೆ ಗುರಿಯಾಗುತ್ತಿರುತ್ತಾನೆ. ಹೊಸ ಸಂಹಿತೆಯೂ ಈ ಪದ್ಧತಿಯನ್ನು ಉಳಿಸಿಕೊಂಡಿದೆ. ಬುದ್ಧಿವಂತ ವಿದ್ಯಾರ್ಥಿಯು ಎ ಮತ್ತು ಜ಼ಡ್‌ಗಳನ್ನು ತನ್ನ ಊರಿಗೇ ಕರೆತರುತ್ತಾನೆ. ದೇವನಹಳ್ಳಿಯ ಒಂದು ಚಕ್ಕೋತದ ತೋಟವಿದೆಯೆಂದಿಟ್ಟುಕೊಳ್ಳೋಣ. ಗಿಡದಲ್ಲಿ ತೂಗುವ ಹಣ್ಣು ನೆಲಕ್ಕೆ ಅಂಟಿದ ವಸ್ತು, ಅದು ಕಳ್ಳತನಕ್ಕೆ ವಿಷಯವಾಗುವುದಿಲ್ಲ. ದುರುದ್ದೇಶದಿಂದ ಅದನ್ನು ಕಿತ್ತುಕೊಂಡರೆ ಆ ಕ್ಷಣವೇ ಅದು ಚರವಸ್ತು, ಕಿತ್ತವನು ಕಳ್ಳ. ಇದು 'ತೆಫ್ಟ್'. ತೋಟದವನಿಗೆ ಬೆದರಿಕೆ ಹಾಕಿ ಅವನ ಕೈಯಿಂದಲೇ ಹಣ್ಣನ್ನು ಪಡೆದರೆ ಅದು 'ಎಕ್ಸ್‌ಟಾರ್ಷನ್', ಸುಲಿಗೆ. ಕದ್ದದ್ದನ್ನು ಒಯ್ಯುವುದಕ್ಕಾಗಿ ಅಡ್ಡಬಂದವನನ್ನು ಹೊಡೆದರೆ ಕಳ್ಳತನವು 'ರಾಬರಿ'ಯಾಗುತ್ತದೆ. ಐದು ಮಂದಿಯೋ ಹೆಚ್ಚು ಮಂದಿಯೋ ಕೂಡಿ ಅದನ್ನೇ ಮಾಡಿದರೆ 'ಡಕಾಯ್ಟಿ'. ಈ ಕೊನೆಯ ಮಾತು ಇಂಗ್ಲಿಷಿಗೆ ಹಿಂದೂಸ್ಥಾನವೇ ಕೊಟ್ಟ ಕಾಣಿಕೆ. ಕಾಯಲು ಒಪ್ಪಿಸಿದ ಕಾವಲುಗಾರನೇ ಹಣ್ಣನ್ನು ಮಾರಿಕೊಂಡರೆ ಅದು ನಂಬಿಕೆದ್ರೋಹ. ಕೊಡಲು ಇಷ್ಟವಿಲ್ಲದ ಬೆಲೆಯನ್ನು ಕೊಡುವೆನೆಂದು ನಂಬಿಸಿ ಹೊತ್ತುಕೊಂಡು ಹೋದರೆ ವಂಚನೆ. ಹಣ್ಣು ಒಂದೇ, ತೋಟ ಒಂದೇ, ಅಪರಾಧ ಆರು. ಹೀಗೆ ಕಲಿತವನು ಪರೀಕ್ಷೆ ಮುಗಿದಮೇಲೆಯೂ ಮರೆಯುವುದಿಲ್ಲ.

ಕೆಲವು ಜೋಡಿಗಳಲ್ಲಿ ಭೇದವು ಇನ್ನೂ ಸೂಕ್ಷ್ಮ, ಫಲವು ಇನ್ನೂ ಘೋರ. 'ಕಲ್ಪಬಲ್ ಹಾಮಿಸೈಡ್' ಎಂಬುದು ದಂಡನಾರ್ಹ ನರಹತ್ಯೆ. ಅದರಲ್ಲಿ ಒಂದು ಭಾಗ ಮಾತ್ರ 'ಮರ್ಡರ್', ಕೊಲೆ. ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ ಸೆರೆ. ಕೊಲೆಯೆನ್ನಿಸದ ನರಹತ್ಯೆಗೆ ಮರಣದಂಡನೆಯಿಲ್ಲ. ಹೊಡೆದವನ ಮನಸ್ಸಿನಲ್ಲಿ ಏನಿತ್ತು, ಏನನ್ನು ಬಲ್ಲವನಾಗಿದ್ದನು ಎಂಬುದರ ಮೇಲೆ ಇದು ನಿಂತಿದೆ. 'ಡಿಸ್‌ಚಾರ್ಜ್' ಎಂದರೂ ಬಿಡುಗಡೆ, 'ಅಕ್ವಿಟಲ್' ಎಂದರೂ ಬಿಡುಗಡೆ. ಮೊದಲನೆಯದರಲ್ಲಿ ವಿಚಾರಣೆಯೇ ನಡೆಯದೆ, ಆರೋಪಕ್ಕೆ ಆಧಾರ ಸಾಲದೆ ಬಿಟ್ಟಿರುತ್ತಾರೆ. ಹೊಸ ಆಧಾರ ದೊರೆತರೆ ಮತ್ತೆ ಕರೆಯಬಹುದು. ಎರಡನೆಯದರಲ್ಲಿ ವಿಚಾರಣೆ ಮುಗಿದು ನಿರ್ದೋಷಿಯೆಂದು ತೀರ್ಪಾಗಿರುತ್ತದೆ. ಮೇಲಿನ ನ್ಯಾಯಾಲಯವು ಅದನ್ನು ರದ್ದುಮಾಡದ ಹೊರತು ಅದೇ ಅಪರಾಧಕ್ಕೆ ಮರಳಿ ವಿಚಾರಿಸುವಂತಿಲ್ಲ. ಹೊರಗೆ ಕಾದಿರುವ ತಾಯಿಗೆ ಎರಡೂ ಒಂದೇ ಆಗಿ ಕೇಳಿಸುತ್ತದೆ. 'ಏನ್ ಸ್ವಾಮಿ, ನಮ್ ಹುಡ್ಗನ್ನ ಬಿಟ್ರಾ?' ಎಂದು ಆಕೆ ಕೇಳಿದಾಗ 'ಬಿಟ್ಟರು ತಾಯಿ' ಎಂದು ಹೇಳುವುದು ಸುಲಭ. ಯಾವ ರೀತಿಯಲ್ಲಿ ಬಿಟ್ಟರೆಂದು ಹೇಳುವುದು ವಕೀಲನ ಧರ್ಮ.

'ನಾನ್ ಬೈಲಬಲ್' ಎಂಬ ಮಾತಿನಿಂದಾದ ಅನರ್ಥವನ್ನು ಹೇಳಿ ತೀರದು. ಜಾಮೀನು ಸಿಕ್ಕುವುದೇ ಇಲ್ಲವೆಂದು ಜನರು ಅದಕ್ಕೆ ಅರ್ಥಮಾಡುತ್ತಾರೆ. 'ಜಾಮೀನುರಹಿತ' ಎಂಬ ಕನ್ನಡ ರೂಪವು ಆ ಭ್ರಮೆಯನ್ನು ಬಲಪಡಿಸುತ್ತದೆ. ನಿಜವಾದ ಅರ್ಥವೇನೆಂದರೆ, ಇಂತಹ ಅಪರಾಧದಲ್ಲಿ ಜಾಮೀನು ಆರೋಪಿಯ ಹಕ್ಕಲ್ಲ, ನ್ಯಾಯಾಲಯದ ವಿವೇಚನೆಗೆ ಸೇರಿದ್ದು. ಅರ್ಜಿಯನ್ನು ಕೊಟ್ಟು ಕೇಳಬಹುದು, ಸಿಕ್ಕಲೂಬಹುದು. ಈ ಒಂದು ಶಬ್ದವನ್ನು ತಪ್ಪಾಗಿ ತಿಳಿದು ಅರ್ಜಿಯನ್ನೇ ಕೊಡದೆ ಧೈರ್ಯಗೆಟ್ಟು ಕುಳಿತ ಸಂಸಾರಕ್ಕೆ ದಿನವೊಂದು ಕಳೆಯುವುದು ಎಷ್ಟು ಕಷ್ಟವೆಂಬುದನ್ನು ಊಹಿಸಿಕೊಳ್ಳಬಹುದು.

ಸಿವಿಲ್ ಪಕ್ಷದಲ್ಲಿ 1908ರ ಪ್ರಕ್ರಿಯಾ ಸಂಹಿತೆಯೇ ಇಂದಿಗೂ ನಡೆಯುತ್ತಿದೆ. ಅಲ್ಲಿಯ ಶಬ್ದಗಳಿಗೆ ರಕ್ತದ ಕಲೆಯಿಲ್ಲ, ಮಣ್ಣಿನ ವಾಸನೆಯಿದೆ. 'ಎಕ್ಸ್ ಪಾರ್ಟೆ' ಎಂಬ ಲ್ಯಾಟಿನ್ ಮಾತನ್ನು ನೋಡಬಹುದು. ಸಮನ್ಸು ತಲುಪಿದರೂ ಹಾಜರಾಗದಿದ್ದರೆ ದಾವೆಯು ಏಕಪಕ್ಷೀಯವಾಗಿ ನಡೆದು ಡಿಕ್ರಿಯಾಗಬಹುದು. ಅದನ್ನು ರದ್ದುಮಾಡಿಸಲು ಕೊಟ್ಟಿರುವ ಅವಧಿ ಮೂವತ್ತು ದಿವಸ. 'ಕೋರ್ಟಿಗೆ ಹೋಗದಿದ್ದರೆ ಜಗಳವೂ ಇಲ್ಲ' ಎಂದು ನಂಬಿ ಮನೆಯಲ್ಲಿಯೇ ಉಳಿದ ಸಾಧುಮನುಷ್ಯನು ಸಾಧುತ್ವದಿಂದಲೇ ಜಮೀನನ್ನು ಕಳೆದುಕೊಳ್ಳುವುದುಂಟು. ಮತ್ತೊಂದು ಕಡೆ ಇಂಗ್ಲಿಷಿನ ಉದ್ದವಾದ ಶಬ್ದಕ್ಕೆ ಕನ್ನಡದ ಚಿಕ್ಕ ಮಾತು ಸಿದ್ಧವಾಗಿರುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯಲ್ಲಿ 'ಯುಸುಫ್ರಕ್ಚುಯರಿ ಮಾರ್ಟ್‌ಗೇಜ್' ಎಂಬ ಹೆಸರನ್ನು ಉಚ್ಚರಿಸಲು ವಿದ್ಯಾರ್ಥಿಯು ಬೆವರುತ್ತಾನೆ. ಸಾಲಕೊಟ್ಟವನು ಭೂಮಿಯನ್ನು ವಶದಲ್ಲಿಟ್ಟುಕೊಂಡು ಅದರ ಫಲವನ್ನು ಅನುಭವಿಸುವ ಆ ಪದ್ಧತಿಗೆ ಅವನ ಅಜ್ಜಿಯು 'ಭೋಗ್ಯ' ಎಂದುಬಿಡುತ್ತಾಳೆ. ಮೊದಲು ಆ ಮಾತು ನೆನಪಿಗೆ ಬಂದರೆ ಇಂಗ್ಲಿಷಿನ ಶಬ್ದ ತಾನೇ ಸಡಿಲವಾಗುತ್ತದೆ.

ಆದರೆ ಈ ಜಿಲ್ಲೆಯ ಸಂಸಾರಗಳನ್ನು ಇಂದು ಅತಿಯಾಗಿ ಕಲಕಿರುವ ಶಬ್ದವು 'ಕೋಪಾರ್ಸನರ್' ಎಂಬುದು. 2008ನೆಯ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆಯಿತು. ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದ ಹೊಲಗಳ ಬೆಲೆ ಯಾರೂ ಕನಸಿನಲ್ಲಿ ಕಾಣದಷ್ಟು ಏರಿತು. ಅದರೊಡನೆ ಪಾಲಿನ ಪ್ರಶ್ನೆಯೂ ಏರಿತು. ಈ ಶಬ್ದದ ಪ್ರಯಾಣವು ಕೇಳತಕ್ಕದ್ದು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕುಂಟೆಂಬ ಸಿದ್ಧಾಂತವನ್ನು ಸಾಧಿಸಿದ ಮಿತಾಕ್ಷರವು ಕನ್ನಡನಾಡಿನಲ್ಲಿಯೇ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನಿಂದ ಸಂಸ್ಕೃತದಲ್ಲಿ ರಚಿತವಾಯಿತು. ವ್ಯವಹಾರಕ್ಕೆ ಭಾಷಾ, ಉತ್ತರ, ಕ್ರಿಯಾ, ಸಾಧ್ಯಸಿದ್ಧಿ ಎಂಬ ನಾಲ್ಕು ಪಾದಗಳನ್ನು ಅದು ವಿವರಿಸುತ್ತದೆ. ಇಂದಿನ ವಾದಪತ್ರ, ಪ್ರತಿವಾದಪತ್ರ, ಸಾಕ್ಷ್ಯ, ತೀರ್ಪುಗಳೂ ಅವೇ. ಅದರ ದಾಯಭಾಗದ ಪ್ರಕರಣವನ್ನು ಕೋಲ್‌ಬ್ರೂಕನು ಇಂಗ್ಲಿಷಿಗೆ ತಂದು 1810ರಲ್ಲಿ ಪ್ರಕಟಿಸಿದನು. ಆಂಗ್ಲ ನ್ಯಾಯಾಧೀಶರು ಹಿಂದೂ ಕುಟುಂಬದ ಸಮಭಾಗಿಗಳಿಗೆ ತಮ್ಮ ದೇಶದ 'ಕೋಪಾರ್ಸನರ್' ಎಂಬ ಹೆಸರನ್ನಿಟ್ಟರು.

ಇಲ್ಲಿಯೇ ಒಂದು ಸ್ವಾರಸ್ಯವಿದೆ. ಇಂಗ್ಲೆಂಡಿನಲ್ಲಿ ಆ ಮಾತು ಮುಖ್ಯವಾಗಿ ಹೆಣ್ಣುಮಕ್ಕಳದು. ಗಂಡುಸಂತಾನವಿಲ್ಲದೆ ತಂದೆಯು ತೀರಿಕೊಂಡರೆ ಅವನ ಭೂಮಿಗೆ ಒಟ್ಟಾಗಿ ಹಕ್ಕುದಾರರಾಗುತ್ತಿದ್ದ ಅಕ್ಕತಂಗಿಯರನ್ನು ಹಾಗೆ ಕರೆಯುತ್ತಿದ್ದರು. ಅದೇ ಮಾತು ಹಡಗನ್ನೇರಿ ಇಲ್ಲಿಗೆ ಬಂದಾಗ ಗಂಡುಮಕ್ಕಳಿಗೆ ಮೀಸಲಾಯಿತು. ಹೆಣ್ಣುಮಕ್ಕಳು ಅದರ ಹೊರಗೆ ನಿಂತರು. ಮೈಸೂರು ಸಂಸ್ಥಾನವು 1933ರ ಕಾಯಿದೆಯಿಂದ ವಿಭಾಗದ ಕಾಲದಲ್ಲಿ ಕೆಲವು ಸ್ತ್ರೀಯರಿಗೆ ಭಾಗವನ್ನು ಕೊಟ್ಟಿತು. ಕರ್ನಾಟಕದ ತಿದ್ದುಪಡಿಯು 1994ನೆಯ ಜುಲೈ 30ರಿಂದ, ಅಂದಿಗೆ ಮದುವೆಯಾಗಿರದ ಮಗಳನ್ನು ಮಗನ ಸಮಾನಳಾಗಿ ಮಾಡಿತು. 2005ನೆಯ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿಯು ಮದುವೆಯ ಭೇದವನ್ನೂ ತೆಗೆಯಿತು. ಅಂದು ತಂದೆಯು ಬದುಕಿರಲಿಲ್ಲವೆಂಬುದು ಅಡ್ಡಿಯಲ್ಲ, ಹಕ್ಕು ಹುಟ್ಟಿನಿಂದ ಬಂದುದು ಎಂದು ಸರ್ವೋಚ್ಚ ನ್ಯಾಯಾಲಯವು 2020ನೆಯ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಹೀಗೆ ಹೆಣ್ಣುಮಕ್ಕಳ ಮಾತು ತಿರುಗಿ ಹೆಣ್ಣುಮಕ್ಕಳಿಗೂ ಸೇರಿತು.

ಆದರೆ ಆ ಹಕ್ಕು ಮತ್ತೊಂದು ಶಬ್ದದ ಮೇಲೆ ನಿಂತಿದೆ. 2004ನೆಯ ಡಿಸೆಂಬರ್ 20ಕ್ಕೆ ಮುಂಚೆಯೇ ಆಗಿಹೋದ 'ಪಾರ್ಟಿಷನ್' ಅನ್ನು ಹೊಸ ಕಾನೂನು ಕದಲಿಸುವುದಿಲ್ಲ. ಪಾರ್ಟಿಷನ್ ಎಂದರೇನು? ಹಳ್ಳಿಯಲ್ಲಿ ಕೇಳಿದರೆ, 'ಅಣ್ಣತಮ್ಮಂದಿರು ಊರ ಹಿರೀಕರ ಮುಂದೆ ಕೂತು ಪಾಲುಪಟ್ಟಿ ಮಾಡಿಕೊಂಡರಲ್ಲ, ಅದೇ' ಎನ್ನುತ್ತಾರೆ. ಕಾಯಿದೆಯ ವಿವರಣೆಯಲ್ಲಿಯಾದರೋ ರಿಜಿಸ್ಟರಾದ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದ ವಿಭಾಗಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಬಾಯಿಮಾತಿನ ವಿಭಾಗವನ್ನು ಸರ್ಕಾರಿ ದಾಖಲೆಗಳ ಬಲವಿರುವ ಅಪರೂಪದ ಸಂದರ್ಭದಲ್ಲಿ ಮಾತ್ರ ಒಪ್ಪಬಹುದೆಂದು ಮೇಲಿನ ತೀರ್ಪು ಹೇಳಿದೆ. ಅಣ್ಣನು 'ಪಾಲಾಗಿಹೋಗಿದೆ' ಎಂದು ಹೇಳುವಾಗ ಸುಳ್ಳು ಹೇಳುತ್ತಿರಲಾರನು. ತಂಗಿಯು 'ಪಾಲಾಗಿಲ್ಲ' ಎನ್ನುವಾಗ ಆಕೆಯದೂ ಸುಳ್ಳಲ್ಲ. ಒಬ್ಬನು ಊರಿನ ಮಾತಿನಿಂದ ಹೇಳುತ್ತಾನೆ, ಒಬ್ಬಳು ಕಾನೂನಿನ ಮಾತಿನಿಂದ ಹೇಳುತ್ತಾಳೆ. ಈ ಭೇದವನ್ನು ಇಬ್ಬರಿಗೂ ಮೊದಲೇ ಬಿಡಿಸಿ ಹೇಳುವ ವಕೀಲನಿದ್ದರೆ ಎಷ್ಟೋ ಮನೆಗಳಲ್ಲಿ ಗೌರಿಹಬ್ಬದ ಬಾಗಿನವು ನಿಲ್ಲುತ್ತಿರಲಿಲ್ಲ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯು ಹುಟ್ಟಿದ್ದು ಖರ್ಚಿನಿಂದ ಮಾತ್ರವಲ್ಲ. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ವರ್ಷಗಳು ಸವೆಯುವುದರಿಂದಲೂ ಅದು ಹುಟ್ಟಿದೆ.

ಮಾತುಗಳ ಸಂಚಾರವು ಒಂದೇ ದ್ವಾರದಿಂದ ನಡೆಯುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಗೋಮಾಳ, ಖರಾಬು, ಪಾಲುಪಟ್ಟಿ, ಮಹಜರು ಎಂಬ ಮಾತುಗಳಿಗೆ ಸರಿಯಾದ ಇಂಗ್ಲಿಷು ಸಿಕ್ಕದೆ ಬೆಂಗಳೂರಿನ ಹೈಕೋರ್ಟಿನ ತೀರ್ಪುಗಳೂ ಅವುಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತವೆ. ಸಾಕ್ಷಿಯು 'ತಳ್ಳಿದ' ಎಂದದ್ದನ್ನು ಇಂಗ್ಲಿಷಿಗೆ ತಿರುಗಿಸುವವನು 'ಹಲ್ಲೆಮಾಡಿದ' ಎಂಬರ್ಥದ ಶಬ್ದವನ್ನು ಹಾಕಿದರೆ ಅಪರಾಧದ ತೂಕವೇ ಬದಲಾಗುತ್ತದೆ. ಆದಕಾರಣ ಇಂಗ್ಲಿಷನ್ನು ಚೆನ್ನಾಗಿ ಕಲಿಯಬೇಕಾದ ವಕೀಲನು ಕನ್ನಡವನ್ನು ಅದಕ್ಕಿಂತ ಚೆನ್ನಾಗಿ ಕೇಳಿಸಿಕೊಳ್ಳಬೇಕು.

ಹಾಗಾದರೆ ಎಲ್ಲವನ್ನೂ ಕನ್ನಡದಲ್ಲಿಯೇ ನಡೆಸಿದರೆ ಈ ಕಷ್ಟವೇ ಇಲ್ಲವಲ್ಲ ಎಂದು ವಾಚಕರು ಕೇಳಬಹುದು. ಕೆಳಗಿನ ನ್ಯಾಯಾಲಯಗಳ ಭಾಷೆಯನ್ನು ನಿರ್ಣಯಿಸುವ ಅಧಿಕಾರವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೆಯ ಕಲಮು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಕನ್ನಡದಲ್ಲಿ ತೀರ್ಪು ಬರೆಯುವ ನ್ಯಾಯಾಧೀಶರೂ ಇದ್ದಾರೆ. ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳ ಭಾಷೆ ಸಂವಿಧಾನದ 348ನೆಯ ಅನುಚ್ಛೇದದಂತೆ ಇಂಗ್ಲಿಷು. ಆದರೂ 2024ನೆಯ ಡಿಸೆಂಬರಿನಲ್ಲಿ ಕರ್ನಾಟಕದ ಹೈಕೋರ್ಟಿನ ವಿಭಾಗೀಯ ಪೀಠವೊಂದು ಕನ್ನಡದಲ್ಲಿ ತೀರ್ಪು ಕೊಟ್ಟಿತು. ಇವೆಲ್ಲ ಸಂತೋಷದ ಸಂಗತಿಗಳು. ಆದರೆ 'ಕಾಗ್ನಿಜ಼ಬಲ್' ಎಂಬುದನ್ನು 'ಸಂಜ್ಞೇಯ' ಎಂದು ಬದಲಾಯಿಸಿದ ಮಾತ್ರಕ್ಕೆ, ವಾರಂಟಿಲ್ಲದೆ ಪೋಲೀಸರು ಹಿಡಿಯಬಹುದೆಂಬ ಅರ್ಥವು ರೈತನಿಗೆ ತಲುಪುವುದಿಲ್ಲ. ಕನ್ನಡದ ಲಿಪಿಯಲ್ಲಿರುವ ಕಠಿಣ ಶಬ್ದವೂ ಕಠಿಣವೇ. ಭಾಷಾಂತರವು ಶಬ್ದದಿಂದ ಶಬ್ದಕ್ಕಾದರೆ ಕೆಲಸವು ಅರ್ಧವಾಯಿತು; ಶಬ್ದದಿಂದ ಮನಸ್ಸಿಗಾದರೆ ಪೂರ್ಣವಾಯಿತು.

ಕಾನೂನಿನ ಇಂಗ್ಲಿಷನ್ನು ಕಲಿಯತಕ್ಕವರು ನೋಟುಬುಕ್ಕಿನಲ್ಲಿ ಗೆರೆಯೆಳೆದು ಎರಡು ಅಂಕಣಗಳನ್ನು ಮಾಡುವುದು ವಾಡಿಕೆ: ಒಂದರಲ್ಲಿ ಶಬ್ದ, ಮತ್ತೊಂದರಲ್ಲಿ ಅರ್ಥ. ಮೂರನೆಯ ಅಂಕಣವೊಂದನ್ನು ಸೇರಿಸುವುದು ಮೇಲು. ಮೊದಲನೆಯದರಲ್ಲಿ ಇಂಗ್ಲಿಷಿನ ಶಬ್ದ, ಎರಡನೆಯದರಲ್ಲಿ ಕಾಯಿದೆಯು ಅದಕ್ಕೆ ಕೊಟ್ಟ ಲಕ್ಷಣ, ಮೂರನೆಯದರಲ್ಲಿ ಅದನ್ನು ಕಕ್ಷಿಗಾರನಿಗೆ ಹೇಳತಕ್ಕ ಒಂದು ಕನ್ನಡ ವಾಕ್ಯ. 'ಡಿಸ್‌ಚಾರ್ಜ್' ಎಂಬುದರ ಎದುರಿಗೆ 'ಬಿಟ್ಟಿದ್ದಾರೆ ತಾಯಿ, ಆದರೆ ಹೊಸ ಆಧಾರ ಸಿಕ್ಕಿದರೆ ಮತ್ತೆ ಕರೆಯಬಹುದು' ಎಂದು ಬರೆಯಬೇಕು; 'ಎಕ್ಸ್ ಪಾರ್ಟೆ' ಎದುರಿಗೆ 'ನೀವು ಬಾರದಿದ್ದರೂ ಕೇಸು ನಡೆಯುತ್ತದೆ ಸ್ವಾಮಿ, ನಿಮ್ಮ ಮಾತಿಲ್ಲದೆ ನಡೆಯುತ್ತದೆ' ಎಂದು ಬರೆಯಬೇಕು. ಮೊದಲನೆಯ ಅಂಕಣವನ್ನು ನಿಘಂಟೂ ಎರಡನೆಯದನ್ನು ಗುರುಗಳೂ ತುಂಬಿಸಿಕೊಡಬಲ್ಲರು. ಮೂರನೆಯದನ್ನು ತುಂಬುವುದಕ್ಕೆ ನ್ಯಾಯಾಲಯದ ಜಗಲಿಯ ಮೇಲೆ ಬುತ್ತಿಯ ಗಂಟನ್ನಿಟ್ಟುಕೊಂಡು ಕುಳಿತವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಬೇಕು. ಹೇಳಿದ್ದು ಅವರಿಗೆ ತಿಳಿಯಿತೋ ಇಲ್ಲವೋ ಎಂಬುದನ್ನು ಅವರ ಮರುಪ್ರಶ್ನೆಯಿಂದ ಅರಿಯಬೇಕು. ಆ ಅಂಕಣವು ಎಷ್ಟು ತುಂಬಿದೆಯೋ ಅಷ್ಟು ಮಾತ್ರ ಕಾನೂನಿನ ಭಾಷೆಯನ್ನು ಕಲಿತಂತಾಯಿತೆಂದು ತಿಳಿಯತಕ್ಕದ್ದು.